ಅಡಿಕೆ ಡ್ರೈಯರ್‌ಗೆ ಪಿಎಲ್‌ಸಿ: ಹಳೇ ರಿಲೇ ಪ್ಯಾನೆಲ್ ಬಿಚ್ಚುವ ಮೊದಲು

ತೀರ್ಥಹಳ್ಳಿ ತೋಟ

ಅಡಿಕೆ ಡ್ರೈಯರ್ ಒಂದರ ಕಂಟ್ರೋಲ್ ಪ್ಯಾನೆಲ್ ಬದಲಿಸಬೇಕಾಗಿದೆ. ಸೌದೆ ಒಲೆ. ಹೊಗೆ ಕೊಳವೆಯೊಳಗೆ ಹೋಗುತ್ತೆ, ಕೊಳವೆಯ ಹೊರಮೈಗೆ ತಾಗಿ ಬಿಸಿಯಾದ ಗಾಳಿ ಅಡಿಕೆ ಹರವಿದ ಅಟ್ಟಕ್ಕೆ ಹೋಗುತ್ತೆ. ಬಿಸಿಗಾಳಿ ತಳ್ಳಲು ಬೆಲ್ಟ್ ಹಾಕಿದ 5 ಎಚ್‌ಪಿ ಬ್ಲೋವರ್, ಉರಿಗೆ ಊದಲು ಅರ್ಧ ಎಚ್‌ಪಿ ಫ್ಯಾನ್, ಆವಿ ಹೊರಹಾಕಲು ಒಂದು ಎಕ್ಸಾಸ್ಟ್. ಈಗ ಇರುವುದು ಏಳು ರಿಲೇ, ಎರಡು ಟೈಮರ್, ಒಂದು ಟೆಂಪರೇಚರ್ ಕಂಟ್ರೋಲರ್. ಮಳೆಗಾಲ ಬಂತೆಂದರೆ ರಿಲೇ ಬೇಸ್‌ಗೆ ಹಸಿರು ಹಿಡಿದು ಯಾವುದಾದರೊಂದು ಕೈಕೊಡುತ್ತೆ.

ಇದರ ಬದಲು ಪಿಎಲ್‌ಸಿ (ಪ್ರೋಗ್ರಾಂ ಬರೆದು ನಡೆಸುವ ಕಂಟ್ರೋಲರ್) ಹಾಕೋಣ ಅಂತಿದೆ. ಸ್ಟಾರ್ಟರ್ ವೈರಿಂಗ್ ಗೊತ್ತು, ಪ್ರೋಗ್ರಾಂ ಗೊತ್ತಿಲ್ಲ. ಶುರು ಎಲ್ಲಿಂದ? ಯಾವ ಕಂಪನಿಯ ಪಿಎಲ್‌ಸಿ ತಗೊಳ್ಳೋದು?

ಮಾಚೇನಹಳ್ಳಿ ಪ್ಯಾನೆಲ್

ಕಂಪನಿ ಕೊನೆಗೆ. ಮೊದಲು ಒಂದು ಹಾಳೆಯಲ್ಲಿ ಪಿಎಲ್‌ಸಿಗೆ ಒಳಗೆ ಬರುವುದೇನು, ಹೊರಗೆ ಹೋಗುವುದೇನು ಅಂತ ಬರೆಯಿರಿ. ಪುಶ್ ಬಟನ್, ಓವರ್‌ಲೋಡ್ ಟ್ರಿಪ್, ಬಾಗಿಲ ಲಿಮಿಟ್ ಸ್ವಿಚ್, ಸೆಲೆಕ್ಟರ್ ಇವು ಇನ್‌ಪುಟ್. ಕಾಂಟ್ಯಾಕ್ಟರ್, ಹೂಟರ್, ಲ್ಯಾಂಪ್ ಇವು ಔಟ್‌ಪುಟ್. ತಾಪಮಾನ ಅನಲಾಗ್, ಅದರ ಲೆಕ್ಕ ಬೇರೆ. ಬರೆದಾದ ಮೇಲೆ ಐದರಲ್ಲಿ ಒಂದು ಪಾಲು ಜಾಸ್ತಿ ಇಟ್ಟುಕೊಳ್ಳಿ. ಡೆಲ್ಟಾದ ಡಿವಿಪಿ-14ಎಸ್‌ಎಸ್2 ಅಂಥ ಚಿಕ್ಕದರಲ್ಲಿ 8 ಇನ್‌ಪುಟ್ 6 ಔಟ್‌ಪುಟ್, ಸೀಮೆನ್ಸ್ 1214ಸಿಯಲ್ಲಿ 14 ಇನ್‌ಪುಟ್ 10 ಔಟ್‌ಪುಟ್ ಜೊತೆಗೆ 2 ಅನಲಾಗ್. ನಿಮ್ಮ ಪಟ್ಟಿ ಎಂಟಕ್ಕೆ ನಿಲ್ಲಲ್ಲ, ನೋಡ್ತಾ ಇರಿ.

ಕಂಪನಿ ಆರಿಸುವಾಗ ಕೇಳಬೇಕಾದ್ದು ಒಂದೇ: ಜುಲೈ ತಿಂಗಳಲ್ಲಿ ಇದು ಸತ್ತರೆ ಶಿವಮೊಗ್ಗದಲ್ಲಿ ಅದೇ ಮಾಡೆಲ್ ಸಿಗುತ್ತಾ, ಅದನ್ನು ಮುಟ್ಟಬಲ್ಲವರು ಹತ್ತಿರದಲ್ಲಿ ಇದ್ದಾರಾ? ಡ್ರೈಯರ್ ಕೆಲಸಕ್ಕೆ ಉಳಿದ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ.

ಹೊಸನಗರ ಫ್ಯೂಸ್

ಏಳು ರಿಲೇಗೆ ಪಿಎಲ್‌ಸಿನಾ ಮಾರಾಯ್ರೇ? ಹಸಿರು ಹಿಡಿಯೋದು ರಿಲೇಯ ತಪ್ಪಲ್ಲ, ಪೆಟ್ಟಿಗೆಯ ತಪ್ಪು. ಅದೇ ಪೆಟ್ಟಿಗೆಯಲ್ಲಿ ಪಿಎಲ್‌ಸಿ ಇಟ್ಟರೆ ಅದಕ್ಕೂ ಹಿಡಿಯುತ್ತೆ. 60 ಡಿಗ್ರಿಗೆ ಉರಿ ಫ್ಯಾನ್ ಆನ್-ಆಫ್ ಮಾಡೋದಷ್ಟೇ ಆದರೆ ಈಗಿರುವ ಕಂಟ್ರೋಲರ್ ಸಾಕು.

ಮಾಚೇನಹಳ್ಳಿ ಪ್ಯಾನೆಲ್

ಪೆಟ್ಟಿಗೆ ವಿಷಯ ಪೂರ್ತಿ ಒಪ್ಪಿದೆ. ಬರೀ ಆನ್-ಆಫ್ ಆದರೆ ಬೇಡ ಅನ್ನೋದೂ ಸರಿ. ಆದರೆ ಇಲ್ಲಿ ಉರಿ ಫ್ಯಾನ್ ನಿಂತ ಮೇಲೂ ಬಿಸಿಗಾಳಿ ಕೋಣೆ ತಣಿಯುವ ತನಕ ಬ್ಲೋವರ್ ಓಡಬೇಕು. ಎಕ್ಸಾಸ್ಟ್ ಶುರುವಿನಲ್ಲಿ ಹೆಚ್ಚು ಹೊತ್ತು, ಅಡಿಕೆ ಒಣಗುತ್ತಾ ಬಂದಂತೆ ಕಡಿಮೆ ಹೊತ್ತು ಓಡಬೇಕು. ಬೆಲ್ಟ್ ಹರಿದರೆ ಗೊತ್ತಾಗಬೇಕು, ಕರೆಂಟ್ ಹೋಗಿ ಬಂದರೆ ಒಂದು ಕ್ರಮದಲ್ಲಿ ಎದ್ದೇಳಬೇಕು. ಇಷ್ಟನ್ನು ರಿಲೇಯಲ್ಲಿ ಮಾಡಿದರೆ ಏಳು ಇದ್ದದ್ದು ಹದಿನೆಂಟಾಗುತ್ತೆ, ಒಂದು ಟೈಮಿಂಗ್ ಬದಲಿಸಲು ವೈರ್ ಬಿಚ್ಚಬೇಕಾಗುತ್ತೆ. ಪಿಎಲ್‌ಸಿ ಹುಟ್ಟಿದ್ದೇ ಆ ಕಾಟಕ್ಕೆ: 1968ರಲ್ಲಿ ಜನರಲ್ ಮೋಟಾರ್ಸ್‌ನವರು ಹೊಸ ಮಾಡೆಲ್ ಬಂದಾಗಲೆಲ್ಲ ರಿಲೇ ಪ್ಯಾನೆಲ್ ಹೊಸದಾಗಿ ವೈರ್ ಮಾಡಿ ಸುಸ್ತಾಗಿ ಬೇರೆ ದಾರಿ ಕೇಳಿದರು, ಮೋಡಿಕಾನ್ 084 ಬಂತು. ಎಲೆಕ್ಟ್ರಿಷಿಯನ್‌ಗಳಿಗೆ ಓದಲು ಬರಲಿ ಅಂತಲೇ ಲ್ಯಾಡರ್ (ವೈರಿಂಗ್ ಚಿತ್ರದ ಥರ ಏಣಿ ಮೆಟ್ಟಿಲಿನಂತೆ ಸಾಲುಸಾಲಾಗಿ ಬರೆಯುವ ಪ್ರೋಗ್ರಾಂ) ಉಳಿಸಿಕೊಂಡರು. ಹಾಗಾಗಿ ಸ್ಟಾರ್ಟರ್ ವೈರಿಂಗ್ ಗೊತ್ತಿರುವವರಿಗೆ ಅದು ಪರಕೀಯ ಅನ್ನಿಸಲ್ಲ.

ಏಣಿಚಿತ್ರ

ಪರಕೀಯ ಅನ್ನಿಸದೇ ಇರೋದೇ ಅಪಾಯ. ಲ್ಯಾಡರ್ ನೋಡಲು ವೈರಿಂಗ್ ಥರ ಇದ್ದರೂ ನಡೆಯುವ ರೀತಿ ಬೇರೆ. ವೈರಿಂಗ್‌ನಲ್ಲಿ ಎಲ್ಲ ಸರ್ಕ್ಯೂಟೂ ಏಕಕಾಲಕ್ಕೆ ಬದುಕಿರುತ್ತೆ. ಪಿಎಲ್‌ಸಿ ಮೊದಲು ಎಲ್ಲ ಇನ್‌ಪುಟ್ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ, ಆಮೇಲೆ ಪ್ರೋಗ್ರಾಂ ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಲೆಕ್ಕ ಹಾಕುತ್ತೆ, ಕೊನೆಗೆ ಔಟ್‌ಪುಟ್‌ಗಳನ್ನು ಒಟ್ಟಿಗೆ ಬದಲಿಸುತ್ತೆ. ಮತ್ತೆ ಮೊದಲಿಂದ. ಚಿಕ್ಕ ಪ್ರೋಗ್ರಾಂಗೆ ಒಂದು ಸುತ್ತು ಕೆಲವೇ ಮಿಲಿಸೆಕೆಂಡ್. ಇದಕ್ಕೆ ಸ್ಕ್ಯಾನ್ ಅಂತಾರೆ.

ಹೊಸಬರು ಎಡವುವ ಮೊದಲ ಜಾಗ ಇದೇ. ಆಟೋದಲ್ಲಿ ಬ್ಲೋವರ್ ಓಡಲು ಒಂದು ಸಾಲಿನಲ್ಲಿ ವೈ0 (ಪ್ರೋಗ್ರಾಂನಲ್ಲಿ ಔಟ್‌ಪುಟ್‌ಗೆ ವೈ, ಇನ್‌ಪುಟ್‌ಗೆ ಎಕ್ಸ್ ಅಂತ ಹೆಸರು), ತಣಿಸಲು ಇನ್ನೊಂದು ಸಾಲಿನಲ್ಲಿ ಮತ್ತೆ ವೈ0 ಬರೆಯುತ್ತಾರೆ. ಮೊದಲ ಸಾಲು ಆನ್ ಅಂದಿದ್ದನ್ನು ಎರಡನೇ ಸಾಲು ಆಫ್ ಅನ್ನುತ್ತೆ, ಕೊನೆಯ ಸಾಲಿನ ಮಾತೇ ನಡೆಯುತ್ತೆ. ಪರದೆಯಲ್ಲಿ ಮೊದಲ ಸಾಲಿನ ಕಾಂಟ್ಯಾಕ್ಟ್‌ಗಳೆಲ್ಲ ಹಸಿರಾಗಿ ಹೊಳೆಯುತ್ತಿರುತ್ತವೆ, ಕಾಂಟ್ಯಾಕ್ಟರ್ ಮಾತ್ರ ಎಳೆಯಲ್ಲ! ಮದ್ದು ಏನೆಂದರೆ ಕಾರಣ ಒಂದೊಂದಕ್ಕೂ ಒಂದು ಎಂ ಬಿಟ್ (ಹೊರಗೆ ಹೋಗದೆ ಮೆಮೊರಿಯಲ್ಲೇ ಇರುವ ಆನ್-ಆಫ್ ಗುರುತು) ಬರೆಯಿರಿ, ಆಟೋ ಎಂ10, ತಣಿಸುವುದು ಎಂ11. ಕೊನೆಯಲ್ಲಿ ಒಂದೇ ಒಂದು ಸಾಲು: ಎಂ10 ಅಥವಾ ಎಂ11, ಮುಂದೆ ಇಂಟರ್‌ಲಾಕ್‌ಗಳು (ಓಡಲು ಸರಿಯಿರಲೇಬೇಕಾದ ಷರತ್ತುಗಳು), ಆಮೇಲೆ ವೈ0. ಒಂದು ಔಟ್‌ಪುಟ್‌ಗೆ ಇಡೀ ಪ್ರೋಗ್ರಾಂನಲ್ಲಿ ಒಂದೇ ಕಾಯಿಲ್ (ಸಾಲಿನ ಕೊನೆಗೆ ಬರುವ ಗುರುತು).

ಟೈಮರ್: ಡೆಲ್ಟಾ, ಮಿತ್ಸುಬಿಷಿ ಎಫ್‌ಎಕ್ಸ್ ಎರಡರಲ್ಲೂ ಟಿ0 100 ಮಿಲಿಸೆಕೆಂಡ್ ಲೆಕ್ಕದ್ದು. ಕೆ50 ಅಂದರೆ 5 ಸೆಕೆಂಡ್, 50 ಅಲ್ಲ. ಸೀಮೆನ್ಸ್‌ನಲ್ಲಿ ಸಮಯವನ್ನು ನೇರವಾಗಿ ಬರೆಯಬಹುದು. ಪಿಎಲ್‌ಸಿ ಭಾಷೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61131-3ರಲ್ಲಿ ಲ್ಯಾಡರ್ ಅಲ್ಲದೆ ಬೇರೆ ಭಾಷೆಗಳೂ ಇವೆ. ಡ್ರೈಯರ್‌ಗೆ ಲ್ಯಾಡರ್ ಸಾಕು, ರಾತ್ರಿ ಕರೆಸಿದ ಎಲೆಕ್ಟ್ರಿಷಿಯನ್ ಓದುವಂತಿರಬೇಕು.

ತೀರ್ಥಹಳ್ಳಿ ತೋಟ

ಸ್ಟಾಪ್ ಬಟನ್ ವಿಷಯ ತಲೆಗೆ ಹೋಗ್ತಿಲ್ಲ. ಒಂದು ಕಡೆ ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಬಟನ್ ಹಾಕಿ ಅಂತಿದೆ, ಪ್ರೋಗ್ರಾಂನಲ್ಲಿ ನೋಡಿದರೆ ಅದೇ ಇನ್‌ಪುಟ್‌ಗೆ ಎನ್‌ಒ (ಒತ್ತದಿದ್ದಾಗ ಬಿಟ್ಟಿರುವ) ಗುರುತು ಹಾಕಿದ್ದಾರೆ. ಯಾವುದು ಸರಿ?

ಏಣಿಚಿತ್ರ

ಎರಡೂ ಸರಿ. ಲ್ಯಾಡರ್‌ನ ಗುರುತು ಬಟನ್‌ನ ಚಿತ್ರ ಅಲ್ಲ, ಅದು ಪಿಎಲ್‌ಸಿ ಕೇಳುವ ಪ್ರಶ್ನೆ. ಎನ್‌ಒ ಗುರುತು ಅಂದರೆ 'ಈ ಇನ್‌ಪುಟ್‌ಗೆ 24 ವೋಲ್ಟ್ ಬಂದಿದೆಯಾ?' ಎನ್‌ಸಿ ಗುರುತು ಅಂದರೆ 'ಬಂದಿಲ್ಲವಾ?' ಎನ್‌ಸಿ ಬಟನ್ ಒತ್ತದೇ ಇದ್ದಾಗ 24 ವೋಲ್ಟ್ ಬರುತ್ತಲೇ ಇರುತ್ತೆ, ಓಡಲು ಬೇಕಾದ್ದೂ ಅದೇ, ಹಾಗಾಗಿ ಎನ್‌ಒ ಗುರುತು. ಎಕ್ಸ್0 ಸ್ಟಾರ್ಟ್, ಅದಕ್ಕೆ ಸಮಾನಾಂತರವಾಗಿ ಹೋಲ್ಡಿಂಗ್‌ಗೆ ಎಂ0, ಎರಡೂ ಕೂಡಿದ ಮೇಲೆ ಸರಣಿಯಲ್ಲಿ ಎಕ್ಸ್1 ಎನ್‌ಒ ಗುರುತು, ಕೊನೆಗೆ ಎಂ0 ಕಾಯಿಲ್.

ಎನ್‌ಸಿ ಯಾಕೆ ಅಂದರೆ, ಇಲಿ ವೈರ್ ಕಡಿದರೂ ಟರ್ಮಿನಲ್ ಸಡಿಲವಾದರೂ ಯಂತ್ರ ನಿಲ್ಲುತ್ತೆ. ಎನ್‌ಒ ಬಟನ್ ಹಾಕಿದ್ದರೆ ವೈರ್ ಕಡಿದದ್ದು ಗೊತ್ತಾಗೋದು ನೀವು ಸ್ಟಾಪ್ ಒತ್ತಿದಾಗ, ಅದೂ ಯಂತ್ರ ನಿಲ್ಲದೇ ಇದ್ದಾಗ.

ಮಾಚೇನಹಳ್ಳಿ ಪ್ಯಾನೆಲ್

ಇದಕ್ಕೆ ಸೇರಿಸಿ: ಎಮರ್ಜೆನ್ಸಿ ಸ್ಟಾಪ್ ಪಿಎಲ್‌ಸಿ ಮೂಲಕ ಮಾತ್ರ ಹೋಗಬಾರದು. ಅಣಬೆ ಬಟನ್‌ನ ಎನ್‌ಸಿ ಕಾಂಟ್ಯಾಕ್ಟ್ ಕಾಂಟ್ಯಾಕ್ಟರ್ ಕಾಯಿಲ್‌ಗಳ ಸಪ್ಲೈಯನ್ನೇ ಕಡಿಯಬೇಕು. ಪಿಎಲ್‌ಸಿಯ ಔಟ್‌ಪುಟ್ ರಿಲೇ ವೆಲ್ಡ್ ಆಗಿ ಕೂತಿದ್ದರೂ, ಪ್ರೋಗ್ರಾಂ ಕೆಟ್ಟಿದ್ದರೂ ಬೆಲ್ಟ್ ನಿಲ್ಲಬೇಕು. ಎರಡನೇ ಕಾಂಟ್ಯಾಕ್ಟ್ ಒಂದನ್ನು ಪಿಎಲ್‌ಸಿಗೆ ತನ್ನಿ, ಅದು ಸುದ್ದಿ ತಿಳಿಸಲು ಅಷ್ಟೇ. ಓವರ್‌ಲೋಡ್‌ನ 95-96 (ಟ್ರಿಪ್ ಆದಾಗ ಬಿಡುವ ಎನ್‌ಸಿ ಕಾಂಟ್ಯಾಕ್ಟ್) ಕೂಡ ಕಾಯಿಲ್ ಸರಣಿಯಲ್ಲೇ ಇರಲಿ.

ಔಟ್‌ಪುಟ್ ಕಡೆ: ಪಿಎಲ್‌ಸಿಯ ಒಳಗಿನ ರಿಲೇಗೆ ಕಾಂಟ್ಯಾಕ್ಟರ್ ಕಾಯಿಲ್ ನೇರ ಕಟ್ಟಬೇಡಿ. 24 ವೋಲ್ಟ್‌ನ ಇಂಟರ್‌ಪೋಸಿಂಗ್ ರಿಲೇ ನಡುವೆ ಇರಲಿ, ಅದರ ಕಾಯಿಲ್‌ಗೆ ಉಲ್ಟಾ ಒಂದು 1ಎನ್4007 ಡಯೋಡ್, 230 ವೋಲ್ಟ್ ಕಾಂಟ್ಯಾಕ್ಟರ್ ಕಾಯಿಲ್‌ಗೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಆರ್‌ಸಿ ಸ್ನಬ್ಬರ್. ಸಪ್ಲೈಗೆ 24 ವೋಲ್ಟ್ 2.5 ಆಂಪಿಯರ್ ಎಸ್‌ಎಂಪಿಎಸ್ (ಡಿಸಿ ಪವರ್ ಸಪ್ಲೈ) ಹಾಕಿದರೆ ರಿಲೇ, ಸೆನ್ಸರ್, ಹೂಟರ್ ಎಲ್ಲ ಹೊರುತ್ತೆ. ಪಿಎಲ್‌ಸಿಯ ಒಂದೇ ಕಾಮನ್ ಗುಂಪಿಗೆ 24 ಮತ್ತು 230 ಬೆರೆಸಬೇಡಿ.

ಸಾಗರ ಸಿಗ್ನಲ್

ಬೆಲ್ಟ್ ಬಗ್ಗೆ ಯಾರೂ ಹೇಳಿಲ್ಲ. ಬೆಲ್ಟ್ ಹರಿದರೆ ಮೋಟಾರ್ ಹಗುರಾಗಿ ಓಡುತ್ತಿರುತ್ತೆ, ಓವರ್‌ಲೋಡ್ ಬೀಳಲ್ಲ, ಕಾಂಟ್ಯಾಕ್ಟರ್ ಫೀಡ್‌ಬ್ಯಾಕ್ ಕೂಡ ಸರಿ ಅನ್ನುತ್ತೆ. ಗಾಳಿ ಮಾತ್ರ ಇಲ್ಲ. ಬ್ಲೋವರ್ ಕಡೆಯ ಪುಲ್ಲಿಗೆ ಪ್ರಾಕ್ಸಿಮಿಟಿ ಸೆನ್ಸರ್ ಇಡಿ.

ಇಡುವಾಗ ಒಂದು ಲೆಕ್ಕ. ಪುಲ್ಲಿ 900 ಆರ್‌ಪಿಎಂ ಅಂದುಕೊಳ್ಳಿ, ಒಂದು ಸುತ್ತಿಗೆ 67 ಮಿಲಿಸೆಕೆಂಡ್. 200 ಮಿಲಿಮೀಟರ್ ವ್ಯಾಸದಲ್ಲಿ 20 ಮಿಲಿಮೀಟರ್ ಬೋಲ್ಟ್ ತಲೆ ಸೆನ್ಸರ್ ಮುಂದೆ ಇರುವುದು ಸುಮಾರು 2 ಮಿಲಿಸೆಕೆಂಡ್. ಡೆಲ್ಟಾದ ಇನ್‌ಪುಟ್ ಫಿಲ್ಟರ್ ಬರುವಾಗಲೇ 10 ಮಿಲಿಸೆಕೆಂಡ್ ಇರುತ್ತೆ. ಸೆನ್ಸರ್ ಮೇಲಿನ ದೀಪ ಮಿನುಗುತ್ತೆ, ಪಿಎಲ್‌ಸಿಗೆ ಏನೂ ಕಾಣಲ್ಲ. ಫಿಲ್ಟರ್ ಇಳಿಸಬಹುದು, ಡಿ1020ರಲ್ಲಿ ಇದೆ, ಆದರೆ ಆಗ ಉಳಿದ ಇನ್‌ಪುಟ್‌ಗಳಿಗೂ ಗದ್ದಲ ನುಗ್ಗುತ್ತೆ. ಪುಲ್ಲಿಗೆ ಅರ್ಧ ಸುತ್ತಿನ ತಗಡಿನ ಪಟ್ಟಿ ಕೂರಿಸಿ, ತೂಕ ಸರಿದೂಗಿಸಿ. 33 ಮಿಲಿಸೆಕೆಂಡ್ ಆನ್, 33 ಆಫ್, ಫಿಲ್ಟರ್ ಮುಟ್ಟೋದೇ ಬೇಡ. ಪ್ರೋಗ್ರಾಂನಲ್ಲಿ ಏರುವ ಅಂಚಿಗೆ ಮಾತ್ರ ಟೈಮರ್ ರೀಸೆಟ್ ಆಗಲಿ, 1 ಸೆಕೆಂಡ್ ಅಂಚು ಬರದಿದ್ದರೆ ಅಲಾರಂ. ಅಂಚು ಬಿಟ್ಟು ಬರೀ ಆನ್ ಇದ್ದಾಗ ರೀಸೆಟ್ ಮಾಡಿದರೆ ಪಟ್ಟಿ ಸೆನ್ಸರ್ ಮುಂದೆಯೇ ನಿಂತ ದಿನ ಅಲಾರಂ ಬರೋದೇ ಇಲ್ಲ. ಮೋಟಾರ್ ಹೊರಟು 5 ಸೆಕೆಂಡ್ ತನಕ ಈ ಪರೀಕ್ಷೆ ಬೇಡ, ವೇಗ ಹಿಡಿಯಲಿ.

ಸೆನ್ಸರ್ ತಗೊಳ್ಳುವಾಗ ಪಿಎನ್‌ಪಿಯೋ (24 ವೋಲ್ಟ್ ಕೊಡುವುದು) ಎನ್‌ಪಿಎನ್‌ನೋ (0 ವೋಲ್ಟ್‌ಗೆ ಎಳೆಯುವುದು) ನೋಡಿ. ಇನ್‌ಪುಟ್ ಕಾಮನ್ ಆದ ಎಸ್/ಎಸ್ ಟರ್ಮಿನಲ್ 0 ವೋಲ್ಟ್‌ಗೆ ಕಟ್ಟಿದ್ದರೆ ಪಿಎನ್‌ಪಿ, 24ಕ್ಕೆ ಕಟ್ಟಿದ್ದರೆ ಎನ್‌ಪಿಎನ್. ಬೆರಕೆ ನಡೆಯಲ್ಲ.

ಹೊಸನಗರ ಫ್ಯೂಸ್

ಎಲ್ಲ ಸರಿ, ಕರೆಂಟ್ ಹೋದರೆ? ಪಿಎಲ್‌ಸಿ ನಿಂತರೆ ಒಲೆ ಆರುತ್ತಾ? ಆ ಕೆಂಡ ಕೊಳವೆ ಕಾಯಿಸುತ್ತಲೇ ಇರುತ್ತೆ, ಗಾಳಿ ಇಲ್ಲ, ಕೊಳವೆ ಸೊಟ್ಟ ಆಗುತ್ತೆ, ಅಟ್ಟದ ಕೆಳಸಾಲಿನ ಅಡಿಕೆ ಕರಕಾಗುತ್ತೆ.

ಮಾಚೇನಹಳ್ಳಿ ಪ್ಯಾನೆಲ್

ಈ ಯಂತ್ರದ ಅಸಲು ಪ್ರಶ್ನೆ ಅದೇ. ಹೀಟರ್ ಆಗಿದ್ದರೆ ಕರೆಂಟ್ ಹೋದ ಕೂಡಲೇ ಶಾಖವೂ ಹೋಗುತ್ತಿತ್ತು. ಸೌದೆಯಲ್ಲಿ ಹಾಗಲ್ಲ, ಎಲ್ಲವೂ ಆಫ್ ಅನ್ನುವುದು ಸುರಕ್ಷಿತ ಸ್ಥಿತಿ ಅಲ್ಲ.

ಹಾಗಾಗಿ ಎರಡು ಬಾಗಿಲು ಬೇಕು, ಎರಡನ್ನೂ 24 ವೋಲ್ಟ್ ವಿದ್ಯುತ್ಕಾಂತ ಹಿಡಿದಿರಬೇಕು, ಕರೆಂಟ್ ಹೋದರೆ ಭಾರಕ್ಕೆ ತಾವೇ ಚಲಿಸಬೇಕು. ಬೂದಿ ಬಾಯಿಯ ಗಾಳಿ ಮುಚ್ಚಳ ಬಿದ್ದು ಮುಚ್ಚಿಕೊಳ್ಳಬೇಕು, ಉರಿ ಕುಂದುತ್ತೆ. ಬಿಸಿಗಾಳಿ ಕೋಣೆಯ ಮೇಲಿನ ಕಿಂಡಿ ತೆರೆದುಕೊಳ್ಳಬೇಕು, ಬಿಸಿ ಮೇಲಕ್ಕೆ ಹೋಗುತ್ತೆ. ಪಿಎಲ್‌ಸಿ ಸತ್ತರೂ, ಎಸ್‌ಎಂಪಿಎಸ್ ಸುಟ್ಟರೂ, ವೈರ್ ಕಡಿದರೂ ನಡೆಯುವುದು ಇದೇ. ಕಾಂತದ ಸಪ್ಲೈಯನ್ನು ಬ್ಯಾಟರಿ ಬ್ಯಾಕಪ್‌ಗೆ ಸೇರಿಸಲೇಬೇಡಿ, ಉದ್ದೇಶವೇ ಹಾಳು.

ಜೊತೆಗೆ ಪಿಎಲ್‌ಸಿಗೆ ಸಂಬಂಧವೇ ಇಲ್ಲದ ಒಂದು ಕ್ಯಾಪಿಲರಿ ಥರ್ಮೋಸ್ಟಾಟ್, ಉದಾಹರಣೆಗೆ 90 ಡಿಗ್ರಿಗೆ, ಉರಿ ಫ್ಯಾನ್ ಕಾಂಟ್ಯಾಕ್ಟರ್ ಕಾಯಿಲ್ ಸರಣಿಯಲ್ಲಿ.

ಕರೆಂಟ್ ವಾಪಸ್ ಬಂದಾಗ ಏನೂ ತಾನಾಗಿ ಶುರುವಾಗಬಾರದು. ಮನುಷ್ಯ ಬಂದು ಸ್ಟಾರ್ಟ್ ಒತ್ತಲಿ.

ಹೊಸನಗರ ಫ್ಯೂಸ್

ಅದೇ ತಪ್ಪು ಅಂತೀನಿ. ರಾತ್ರಿ 2ಕ್ಕೆ ಕರೆಂಟ್ ಬಂದರೆ ಯಾರು ಒತ್ತೋದು? ಬ್ಲೋವರ್ ಏಳದಿದ್ದರೆ ಶಾಖ ಕೂತೇ ಇರುತ್ತೆ.

ಏಣಿಚಿತ್ರ

ಇಬ್ಬರ ಮಾತಲ್ಲೂ ಅರ್ಧ ಅರ್ಧ ಸರಿ. ನಿಯಮ ಹೇಳುವುದು, ತಾನಾಗಿ ಶುರುವಾಗುವುದರಿಂದ ಅಪಾಯ ಇದ್ದರೆ ತಡೆಯಬೇಕು ಅಂತ. ಬೆಲ್ಟ್‌ಗೆ ಗಾರ್ಡ್ ಇಲ್ಲದಿದ್ದರೆ ಚರ್ಚೆಯೇ ಬೇಡ, ತಾನಾಗಿ ಏಳಬಾರದು. ಗಾರ್ಡ್ ಪೂರ್ತಿ ಇದ್ದು, ದುರಸ್ತಿಗೆ ಬೀಗ ಹಾಕುವ ಐಸೋಲೇಟರ್ ಇದ್ದರೆ ಬ್ಲೋವರ್ ಒಂದಕ್ಕೆ ಅವಕಾಶ ಕೊಡಬಹುದು. ಷರತ್ತು: ಕರೆಂಟ್ ಹೋಗುವ ಮುಂಚೆ ಓಡುತ್ತಿತ್ತು ಅನ್ನುವುದನ್ನು ಲ್ಯಾಚ್ಡ್ ಬಿಟ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಬಿಟ್) ಉಳಿಸಿಕೊಂಡಿರಬೇಕು, ಸೆಲೆಕ್ಟರ್ ಆಟೋದಲ್ಲಿರಬೇಕು, ಕೋಣೆ 50 ಡಿಗ್ರಿ ಮೇಲಿರಬೇಕು, ಫೇಸ್ ರಿಲೇ (ಮೂರು ಫೇಸೂ ಸರಿ ಇವೆಯಾ ಅಂತ ನೋಡುವ ರಿಲೇ) 30 ಸೆಕೆಂಡ್ ಸತತ ಸರಿ ಅಂದಿರಬೇಕು, ಆಮೇಲೆ 10 ಸೆಕೆಂಡ್ ಹೂಟರ್. ಉರಿ ಫ್ಯಾನ್ ಮಾತ್ರ ಯಾವ ಕಾರಣಕ್ಕೂ ತಾನಾಗಿ ಏಳಬಾರದು, ಅದಕ್ಕೆ ಕೈ ಬೇಕು.

ಮೊದಲ ಸ್ಕ್ಯಾನ್ ಗುರುತಿಸಲು ಡೆಲ್ಟಾದಲ್ಲಿ ಎಂ1002, ಎಫ್‌ಎಕ್ಸ್‌ನಲ್ಲಿ ಎಂ8002. ಎಮರ್ಜೆನ್ಸಿಗೆ ಕೈಯಿಂದ ರೀಸೆಟ್ ಮಾಡುವ ಸೇಫ್ಟಿ ರಿಲೇ ಹಾಕಿದ್ದರೆ ಕರೆಂಟ್ ಹೋದಾಗ ಅದೂ ಬೀಳುತ್ತೆ, ಮೇಲಿನದ್ಯಾವುದೂ ನಡೆಯಲ್ಲ. ಎರಡರಲ್ಲಿ ಯಾವುದು ಬೇಕು ಅಂತ ವೈರಿಂಗ್‌ಗೆ ಮುಂಚೆ ತೀರ್ಮಾನಿಸಿ.

ಮಾಚೇನಹಳ್ಳಿ ಪ್ಯಾನೆಲ್

ಗಾರ್ಡ್ ಷರತ್ತಿನ ಮೇಲೆ ಒಪ್ಪಿದೆ.

ಜನರೇಟರ್ ಇಟ್ಟರೆ ಫೇಸ್ ಸೀಕ್ವೆನ್ಸ್ ನೋಡಿ. ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಬರುವುದು ಅದೇ ದಿಕ್ಕಿಗೆ, ಬಲ ಮಾತ್ರ ಕಡಿಮೆ. ಪುಲ್ಲಿ ಸೆನ್ಸರ್ ಇದನ್ನು ಹಿಡಿಯಲ್ಲ. ಸಿಂಗಲ್ ಫೇಸಿಂಗ್ ಜೊತೆ ಸೀಕ್ವೆನ್ಸ್ ಕೂಡ ನೋಡುವ ರಿಲೇ ಬೇಕು.

ಸಾಗರ ಸಿಗ್ನಲ್

ತಾಪಮಾನಕ್ಕೆ ಪಿಟಿ100, ಮೂರು ವೈರಿನದ್ದು. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5. ಅಂದರೆ ಒಂದು ಓಮ್ ತಪ್ಪಿದರೆ 2.6 ಡಿಗ್ರಿ ತಪ್ಪು. 0.5 ಚದರ ಮಿಲಿಮೀಟರ್ ವೈರ್ 20 ಮೀಟರ್ ಎಳೆದರೆ ಹೋಗಿಬರುವ 40 ಮೀಟರ್‌ಗೆ ಹತ್ತಿರ ಒಂದೂವರೆ ಓಮ್. ಎರಡೇ ವೈರ್‌ನಲ್ಲಿ ಕಟ್ಟಿದರೆ ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತೆ. ಮೂರನೇ ವೈರ್ ಇರುವುದೇ ಅದನ್ನು ಕಳೆಯಲು. ಡೆಲ್ಟಾದ 04ಪಿಟಿ ಮಾಡ್ಯೂಲ್ ಹತ್ತರಲ್ಲೊಂದು ಡಿಗ್ರಿ ಲೆಕ್ಕದಲ್ಲಿ ಕೊಡುತ್ತೆ, 623 ಅಂದರೆ 62.3.

ಕೆಟ್ಟಾಗ ಯಾವ ಕಡೆಗೆ ಸುಳ್ಳು ಹೇಳುತ್ತೆ ಅನ್ನುವುದನ್ನು ಗಮನಿಸಿ. ಪಿಟಿ100 ವೈರ್ ಕಡಿದರೆ ಓಮ್ ಏರುತ್ತೆ, 'ತುಂಬಾ ಬಿಸಿ' ಅನ್ನುತ್ತೆ, ಉರಿ ಫ್ಯಾನ್ ನಿಲ್ಲುತ್ತೆ, ಬಚಾವ್. ಶಾರ್ಟ್ ಆದರೆ 'ತಣ್ಣಗಿದೆ' ಅನ್ನುತ್ತೆ, ಉರಿ ಊದುತ್ತಲೇ ಇರುತ್ತೆ. 4-20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರ್ ಹಾಕಿದ್ದರೆ ಇದು ತಿರುಗುಮುರುಗು, ವೈರ್ ಕಡಿದಾಗಲೇ ತಣ್ಣಗಿದೆ ಅನ್ನುತ್ತೆ. ಆದ್ದರಿಂದ 5 ಡಿಗ್ರಿಗಿಂತ ಕೆಳಗೆ ಅಥವಾ 120ಕ್ಕಿಂತ ಮೇಲೆ ಓದಿದರೆ ಅದನ್ನು ತಾಪಮಾನ ಅಂತ ಪರಿಗಣಿಸಬೇಡಿ, ಸೆನ್ಸರ್ ದೋಷ ಅನ್ನಿ, ಉರಿ ಫ್ಯಾನ್ ನಿಲ್ಲಿಸಿ, ಬ್ಲೋವರ್ ಓಡಿಸಿ.

1214ಸಿ ತಗೊಳ್ಳುವವರಿಗೆ: ಅದರೊಳಗಿನ ಎರಡು ಅನಲಾಗ್ 0-10 ವೋಲ್ಟ್‌ಗೆ ಮಾತ್ರ. ಟ್ರಾನ್ಸ್‌ಮಿಟರ್ ಹಾಗೇ ಕಟ್ಟಿದರೆ ಆಗಲ್ಲ. ಇನ್‌ಪುಟ್‌ಗೆ ಅಡ್ಡಲಾಗಿ 500 ಓಮ್ 0.1 ಪರ್ಸೆಂಟ್ ರೆಸಿಸ್ಟರ್ ಹಾಕಿದರೆ 2ರಿಂದ 10 ವೋಲ್ಟ್ ಆಗುತ್ತೆ, ಪ್ರೋಗ್ರಾಂನಲ್ಲಿ 5530ರಿಂದ 27648. 0-150 ಡಿಗ್ರಿ ಟ್ರಾನ್ಸ್‌ಮಿಟರ್ ಆದರೆ 12 ಮಿಲಿಆಂಪಿಯರ್‌ಗೆ 75 ಡಿಗ್ರಿ ಬರಬೇಕು, ಮೊದಲು ಅದನ್ನೇ ನೋಡಿ.

ಆನ್-ಆಫ್‌ಗೆ ಮೂರು ಡಿಗ್ರಿ ಅಂತರ ಕೊಡಿ, 58ಕ್ಕೆ ಆನ್, 61ಕ್ಕೆ ಆಫ್. ಸೌದೆ ಒಲೆಗೆ ಪಿಐಡಿ (ಆನ್-ಆಫ್ ಬದಲು ಸ್ವಲ್ಪಸ್ವಲ್ಪವೇ ಏರಿಳಿಸಿ ಹದ ಹಿಡಿಯುವ ಲೆಕ್ಕ) ಹಾಕುವ ಉತ್ಸಾಹ ಬೇಡ. ಫ್ಯಾನ್ ನಿಲ್ಲಿಸಿದ ಮೇಲೂ ಬಿಸಿ ಏರುವ ಯಂತ್ರದಲ್ಲಿ ಅದು ತೂಗಾಡುತ್ತೆ.

ಹೊಸನಗರ ಫ್ಯೂಸ್

ಪೆಟ್ಟಿಗೆ ವಿಷಯಕ್ಕೆ ಬರ್ತೀನಿ. ಐಪಿ65 (ದೂಳು, ನೀರು ಒಳಗೆ ಬಿಡದ ದರ್ಜೆ) ಅಂತ ಬರೆದಿರುವ ಪೆಟ್ಟಿಗೆಯ ನೆತ್ತಿಗೆ ತೂತು ಹೊಡೆದು ಕೇಬಲ್ ಇಳಿಸಿದರೆ ಅದು ಐಪಿ ಸೊನ್ನೆ. ಕೇಬಲ್ ಕೆಳಗಿನಿಂದಲೇ ಬರಲಿ, ಗ್ಲ್ಯಾಂಡ್ ಗಾತ್ರ ಸರಿಯಿರಲಿ, ಬಳಸದ ತೂತಿಗೆ ಬಿರಡೆ ಹಾಕಿ. ಹೊರಗೆ ಕೇಬಲ್ ಒಂದು ಗೇಣು ಕೆಳಕ್ಕೆ ಬಾಗಿ ಮೇಲೆ ಹತ್ತಲಿ, ನೀರು ಅಲ್ಲೇ ತೊಟ್ಟಿಕ್ಕಲಿ. ಒಳಗೆ 50 ವ್ಯಾಟ್ ಸ್ಪೇಸ್ ಹೀಟರ್, ಥರ್ಮೋಸ್ಟಾಟ್ ಜೊತೆ. ಡ್ರೈಯರ್ ಓಡದ ತಿಂಗಳಲ್ಲೂ ಅದಕ್ಕೆ ಕರೆಂಟ್ ಇರಬೇಕು, ನಮ್ಮ ಕಡೆ ಪ್ಯಾನೆಲ್ ಹಾಳಾಗೋದು ಸುಮ್ಮನಿದ್ದಾಗ. ಇರುವೆ, ಹಲ್ಲಿ ಒಳಗೆ ಹೋಗುವುದು ಬೆಚ್ಚಗಿನ ಕಾಂಟ್ಯಾಕ್ಟರ್ ಹುಡುಕಿಕೊಂಡು. ಒಲೆಯ ಗೋಡೆಗಂತೂ ಪ್ಯಾನೆಲ್ ಕೂರಿಸಲೇಬೇಡಿ, ಎಸ್‌ಎಂಪಿಎಸ್ ಕೆಪಾಸಿಟರ್ ಬೇಗ ಒಣಗುತ್ತೆ.

ಸಿಡಿಲಿಗೆ: ಏಪ್ರಿಲ್-ಮೇ ಗುಡುಗು ಮಳೆಗೆ ಮುಂಚೆ ಮೇನ್ಸ್‌ಗೆ ಟೈಪ್ 2 ಸರ್ಜ್ ಅರೆಸ್ಟರ್. ಅದರಿಂದ ಅರ್ಥ್ ಬಾರ್‌ಗೆ ವೈರ್ ಅರ್ಧ ಮೀಟರ್ ಒಳಗಿರಲಿ, ಸುರುಳಿ ಸುತ್ತಬೇಡಿ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಯ ಅರ್ಥ್ ನಂಬುವಂತಿಲ್ಲ, ಏಪ್ರಿಲ್‌ನಲ್ಲೇ ಅಳೆದು ನೋಡಿ, ಬೇಕಿದ್ದರೆ ಎರಡನೇ ಗುಂಡಿ ತೋಡಿ ಎರಡನ್ನೂ ಜೋಡಿಸಿ.

ತೀರ್ಥಹಳ್ಳಿ ತೋಟ

ಪಟ್ಟಿ ಮಾಡಿದೆ, ನೋಡಿ. ಎಕ್ಸ್0 ಸ್ಟಾರ್ಟ್ ಎನ್‌ಒ, ಎಕ್ಸ್1 ಸ್ಟಾಪ್ ಎನ್‌ಸಿ, ಎಕ್ಸ್2 ಎಮರ್ಜೆನ್ಸಿ ಸುದ್ದಿ ಎನ್‌ಸಿ, ಎಕ್ಸ್3 ಓವರ್‌ಲೋಡ್ 97-98, ಎಕ್ಸ್4 ಬ್ಲೋವರ್ ಕಾಂಟ್ಯಾಕ್ಟರ್ 13-14, ಎಕ್ಸ್5 ಪುಲ್ಲಿ ಸೆನ್ಸರ್, ಎಕ್ಸ್6 ಫೇಸ್ ರಿಲೇ, ಎಕ್ಸ್7 ಆಟೋ, ಎಕ್ಸ್8 ಬಾಗಿಲು, ಎಕ್ಸ್9 ಥರ್ಮೋಸ್ಟಾಟ್. ವೈ0 ಬ್ಲೋವರ್, ವೈ1 ಉರಿ ಫ್ಯಾನ್, ವೈ2 ಎಕ್ಸಾಸ್ಟ್, ವೈ3 ಹೂಟರ್, ವೈ4 ಕಾಂತ, ವೈ5 ಕೆಂಪು ಲ್ಯಾಂಪ್. ಓವರ್‌ಲೋಡ್ 97-98 ಎನ್‌ಒ ಅಲ್ವಾ, ಅದನ್ನೂ ಎನ್‌ಸಿ ಮಾಡಬೇಕಾ?

ಏಣಿಚಿತ್ರ

ಬೇಡ. ರಕ್ಷಣೆ 95-96ರಲ್ಲಿ ನಡೆದಾಗಿದೆ, ಕಾಂಟ್ಯಾಕ್ಟರ್ ಬಿದ್ದದ್ದು ಎಕ್ಸ್4ರಲ್ಲಿ ಗೊತ್ತಾಗುತ್ತೆ. 97-98 ಕಾರಣ ಹೇಳಲು ಅಷ್ಟೇ, ವೈರ್ ಕಡಿದರೆ ಕಾರಣ ತಿಳಿಯಲ್ಲ, ಬೇರೇನೂ ಕೆಡಲ್ಲ.

ಎಕ್ಸ್8, ಎಕ್ಸ್9 ಅಂತ ಇಲ್ಲ. ಡೆಲ್ಟಾ, ಎಫ್‌ಎಕ್ಸ್ ಎರಡೂ ಎಂಟರ ಲೆಕ್ಕ, ಎಕ್ಸ್7 ಆದ ಮೇಲೆ ಎಕ್ಸ್10. ಎಸ್‌ಎಸ್2ರಲ್ಲಿ ಎಕ್ಸ್‌ಟೆನ್ಷನ್ ಮಾಡ್ಯೂಲ್ ಎಕ್ಸ್20ರಿಂದ ಶುರು. ಔಟ್‌ಪುಟ್ ಆರೂ ತುಂಬಿವೆ, ಹಾಗಾಗಿ 4 ಇನ್‌ಪುಟ್ 4 ಔಟ್‌ಪುಟ್‌ನ ಮಿಶ್ರ ಮಾಡ್ಯೂಲ್ ತಗೊಳ್ಳಿ. ಬಾಗಿಲು ಎಕ್ಸ್20, ಥರ್ಮೋಸ್ಟಾಟ್ ಎಕ್ಸ್21.

ಮಾಚೇನಹಳ್ಳಿ ಪ್ಯಾನೆಲ್

ಸೆಲೆಕ್ಟರ್‌ನ ಕೈ ಸ್ಥಾನ ಪಿಎಲ್‌ಸಿ ದಾಟಿ ಬ್ಲೋವರ್ ಕಾಂಟ್ಯಾಕ್ಟರ್‌ಗೆ ನೇರ ಹೋಗಲಿ, ಎಮರ್ಜೆನ್ಸಿ, 95-96 ಮತ್ತು ಫೇಸ್ ರಿಲೇಯ ಇನ್ನೊಂದು ಕಾಂಟ್ಯಾಕ್ಟ್ ಸರಣಿಯಲ್ಲಿ ಇದ್ದೇ ಇರಲಿ. ಪಿಎಲ್‌ಸಿ ಸತ್ತು ಹೊಸದು ಬರುವ ತನಕ ಅಡಿಕೆಗೆ ಬೂಸ್ಟು ಹಿಡಿಯಬಾರದಲ್ಲ. ಮೇಲಿನ ಕಿಂಡಿಯ ಕಾಂತ ಪಿಎಲ್‌ಸಿ ಕೈಯಲ್ಲಿದೆ, ಅದಕ್ಕೆ ಕೊಂಡಿ ಹಾಕಿ ಮುಚ್ಚಿಕೊಳ್ಳಲು ಬರುವಂತೆ ಇರಲಿ.

ಚಾಲೂ ಮಾಡುವ ದಿನ ಪವರ್ ಫ್ಯೂಸ್ ತೆಗೆದು ಕಂಟ್ರೋಲ್ ಮಾತ್ರ ಕೊಡಿ. ಒಬ್ಬರು ಯಂತ್ರದ ಹತ್ತಿರ ನಿಂತು ಒಂದೊಂದು ಸ್ವಿಚ್ ಒತ್ತಲಿ, ಇನ್ನೊಬ್ಬರು ಪರದೆಯಲ್ಲಿ ಹೆಸರು ನೋಡಿ ಟಿಕ್ ಹಾಕಲಿ. ಆಮೇಲೆ ಕೆಡಿಸಿ ನೋಡಿ: ಸ್ಟಾಪ್ ವೈರ್ ಕಿತ್ತು, ಪಿಟಿ100 ಕಿತ್ತು, ಶಾರ್ಟ್ ಮಾಡಿ, ಬೆಲ್ಟ್ ಬಿಚ್ಚಿ ಮೋಟಾರ್ ಓಡಿಸಿ, ಎರಡು ಫೇಸ್ ಅದಲುಬದಲು ಮಾಡಿ, ಮೇನ್ಸ್ ಇಳಿಸಿ ಐದು ನಿಮಿಷ ಬಿಟ್ಟು ಏರಿಸಿ. ಒಲೆಗೆ ಬೆಂಕಿ ಹಾಕುವುದು ಇದೆಲ್ಲ ಆದ ಮೇಲೆ. ಪ್ರಾಜೆಕ್ಟ್ ಫೈಲ್ ಎರಡು ಕಡೆ ಇಡಿ. ಪಿಎಲ್‌ಸಿಯಿಂದ ವಾಪಸ್ ಎತ್ತಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಪ್ರೋಗ್ರಾಂ ಬರುತ್ತೆ, ನೀವು ಬರೆದ ಕಾಮೆಂಟ್ ಬರಲ್ಲ. ಪಾಸ್‌ವರ್ಡ್ ಹಾಕಿದ್ದರೆ ಮಾಲೀಕರಿಗೆ ಬರೆದು ಕೊಡಿಸಿಕೊಳ್ಳಿ.

ತೀರ್ಥಹಳ್ಳಿ ತೋಟ

ಎಕ್ಸ್21 ಥರ್ಮೋಸ್ಟಾಟ್‌ಗೆ ಒಂದೇ ಕಾಂಟ್ಯಾಕ್ಟ್ ಇದೆ, ಅದು ಆಗಲೇ ಉರಿ ಫ್ಯಾನ್ ಕಾಯಿಲ್ ಸರಣಿಯಲ್ಲಿ 230 ವೋಲ್ಟ್‌ಗೆ ಹೋಗಿದೆ. ಪಿಎಲ್‌ಸಿಗೆ ಸುದ್ದಿ ಹೇಗೆ ತರೋದು?

ಸಾಗರ ಸಿಗ್ನಲ್

ಥರ್ಮೋಸ್ಟಾಟ್ ಕಾಂಟ್ಯಾಕ್ಟ್ ದಾಟಿದ ಜಾಗದಿಂದ ನ್ಯೂಟ್ರಲ್‌ಗೆ ಒಂದು 230 ವೋಲ್ಟ್ ಕಾಯಿಲ್‌ನ ಚಿಕ್ಕ ರಿಲೇ ಹಾಕಿ. ಥರ್ಮೋಸ್ಟಾಟ್ ಸರಣಿಯಲ್ಲಿ ವೈ1 ರಿಲೇಗಿಂತ ಮೊದಲು ಬರಬೇಕು, ಇಲ್ಲದಿದ್ದರೆ ಫ್ಯಾನ್ ನಿಂತಾಗಲೆಲ್ಲ ಸುಳ್ಳು ಅಲಾರಂ. ಆ ರಿಲೇಯ ಎನ್‌ಒ ಕಾಂಟ್ಯಾಕ್ಟ್‌ಗೆ 24 ವೋಲ್ಟ್ ಕೊಟ್ಟು ಎಕ್ಸ್21ಕ್ಕೆ ತನ್ನಿ. 90 ಡಿಗ್ರಿ ದಾಟಿದರೆ ರಿಲೇ ಬೀಳುತ್ತೆ, ಎಕ್ಸ್21 ಆಫ್ ಆಗುತ್ತೆ. ಎಮರ್ಜೆನ್ಸಿ ಒತ್ತಿದಾಗಲೂ ಬೀಳುತ್ತೆ, ಹಾಗಾಗಿ ಎಕ್ಸ್2 ಆನ್ ಇದ್ದಾಗ ಮಾತ್ರ ಅದನ್ನು ಅತಿ ಶಾಖ ಅಂತ ಲೆಕ್ಕಕ್ಕೆ ತಗೊಳ್ಳಿ.